ನಾಲ್ಕು ಕಣ್ಣಿನ ಮರಿ

ನವಸಾರಿ
3 ನವೆಂಬರ್ 1986

ಪ್ರಿಯ ಗುಲುಬಾಯಿ,

ಸಾಹೇಬ್‌ಜಿ. ಕವರಿನ ಮೇಲೆ ನನ್ನ ಅಕ್ಷರ ನೋಡಿ ನೀವು ಹುಬ್ಬು ಗಂಟಿಕ್ಕಿರುತ್ತೀರಿ, ಗೊತ್ತು. ಮದುವೆಯಾದ ಮೂವತ್ತಮೂರು ವರ್ಷವೂ ನಿಮಗೆ ಕಾಗದ ಬರೆಯುತ್ತಿದ್ದವಳು ನಿಮ್ಮ ತಂಗಿ ನಾಜಾ. ಕೊನೆಯಲ್ಲಿ "ಬರ್ಜೋರ್‌ನ ಸಾಹೇಬ್‌ಜಿ" ಎಂದು ನಾನೊಂದು ನಮಸ್ಕಾರದ ಸಾಲು ಸೇರಿಸುತ್ತಿದ್ದೆ, ಅದೂ ಅವಳು ಮೊಣಕೈಯಲ್ಲಿ ತಿವಿದರೆ. ಬರುವ ಫೆಬ್ರವರಿಗೆ ನಾಜಾ ಹೋಗಿ ವರ್ಷವಾಗುತ್ತದೆ. ಅವಳ ನಾಲ್ಕನೆಯ ದಿನದ ಪ್ರಾರ್ಥನೆಗೆ ಬಂದವರು ನಾನು ಕೊಟ್ಟ ಚಹಾ ಹಾಗೇ ಬಿಟ್ಟು ಸ್ಟೇಷನ್ನಿಗೆ ಹೊರಟಿರಿ. ಪುದೀನಾ ಜಾಸ್ತಿಯಾಗಿತ್ತೋ ಏನೋ ಎಂದು ಆಮೇಲೆ ನಾನೇ ಕುಡಿದು ನೋಡಿದೆ. ಸರಿಯಾಗಿಯೇ ಇತ್ತು.

ವಿಷಯಕ್ಕೆ ಬರುತ್ತೇನೆ. ತಾರು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೂತು ಊರವರ ಮಾತನ್ನೆಲ್ಲ ಕತ್ತರಿಸಿ ಎಂಟು ಪದಕ್ಕೆ ಇಳಿಸಿದವನು ನಾನು. ಆಗ ಕತ್ತರಿಸಿದ ಚೂರುಗಳೆಲ್ಲ ಈಗ ನನ್ನ ಬಾಯಿಂದ ಬರುತ್ತಿವೆ ಎಂದು ಅಳಿಯ ಕೇಕಿ ಹೇಳುತ್ತಾನೆ. ನಮ್ಮ ಮನೆಗೆ ಒಂದು ನಾಯಿಮರಿ ಬೇಕು. ಮೊಮ್ಮಗಳು ಪೆರಿನ್‌ಗೆ ಎಂಟು ತುಂಬಿತು. ಶಾಲೆಯಲ್ಲಿ ಎಲ್ಲರ ಮನೆಯಲ್ಲೂ ಏನಾದರೊಂದು ಇದೆಯಂತೆ, ಇವಳಿಗೆ ಮಾತ್ರ ಅಜ್ಜನಂತೆ. ನೀವು ಸಾಕುವ ಪುಟ್ಟ ಪೂಡಲ್‌ಗಳ ಕೂದಲು ಉದುರುವುದಿಲ್ಲ, ಮಕ್ಕಳ ಜೊತೆ ಹೊಂದಿಕೊಳ್ಳುತ್ತವೆ ಎಂದು ನಾಜಾ ಹೇಳುತ್ತಿದ್ದಳು. ನಾನು ಸೂರತ್ತಿನ ಕಾಲೇಜಿನಲ್ಲಿ ಓದಿದ ಎರಡು ವರ್ಷದಲ್ಲಿ ನಾಯಿಯ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದವನು. "ದ ಡಾಗ್ ಈಸ್ ಎ ಫೇತ್‌ಫುಲ್ ಆ್ಯನಿಮಲ್" ಎಂದು ಶುರು, "ದೇರ್‌ಫೋರ್" ಎಂದು ಮುಕ್ತಾಯ. ನಡುವಿನದು ಮರೆತುಹೋಗಿದೆ. ಮರಿ ಬಂದರೆ ನಡುವಿನದನ್ನು ಕಲಿತುಕೊಳ್ಳುತ್ತೇನೆ.

ಒಂದು ಕೋರಿಕೆ. ಎರಡೂ ಕಣ್ಣಿನ ಮೇಲೆ ಒಂದೊಂದು ಚುಕ್ಕೆ ಇರುವ ಮರಿ, ನಮ್ಮ ಹಿರಿಯರು ನಾಲ್ಕು ಕಣ್ಣಿನ ನಾಯಿ ಎನ್ನುತ್ತಿದ್ದರಲ್ಲ, ಅಂಥದಾದರೆ ಒಳ್ಳೆಯದು. ಫೆಬ್ರವರಿಗೆ ಮೊದಲೇ ಬಂದರೆ ಇನ್ನೂ ಒಳ್ಳೆಯದು.

ನಾಜಾ ದಿನಾ ತಾನು ಉಣ್ಣುವ ಮೊದಲು ನಾಯಿಯ ತುತ್ತು ಎತ್ತಿಡುತ್ತಿದ್ದುದು ನಿಮಗೆ ನೆನಪಿರಬಹುದು. ಈಗ ನಾನು ಎತ್ತಿಡುತ್ತಿದ್ದೇನೆ. ಅದು ಬೇರೆ ವಿಷಯ, ಬಿಡಿ.

ನಿಮ್ಮ
ಬರ್ಜೋರ್ ಕಸಾದ್


ದೇವಲಾಲಿ
12 ನವೆಂಬರ್ 1986

ಶ್ರೀ ಬರ್ಜೋರ್ ಕಸಾದ್ ಅವರಿಗೆ,

ಚಹಾ ಚೆನ್ನಾಗಿಯೇ ಇದ್ದಿರಬೇಕು. ನನಗೆ ಬೇಡವಾಗಿತ್ತು.

ನನ್ನ ಚಂಪಾ ಅಕ್ಟೋಬರ್ 21ಕ್ಕೆ ನಾಲ್ಕು ಮರಿ ಹಾಕಿದ್ದಾಳೆ. ಒಂದು ನಾಸಿಕದ ಡಾಕ್ಟರ ಮನೆಗೆ ಎಂದು ಮಾತಾಗಿದೆ. ಉಳಿದದ್ದು ಮೂರು. ಆದರೆ ಮನೆಗೆ ಮರಿ ಹುಡುಕಿಕೊಡುವುದು ನನ್ನ ಕೆಲಸವಲ್ಲ. ಮರಿಗೆ ಮನೆ ಹುಡುಕುತ್ತೇನೆ. ಪೂಡಲ್ ಎಂದರೆ ಗೊಂಬೆ ಎಂದುಕೊಂಡು ಬರುವವರನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತೇನೆ. ಇವುಗಳ ಹಿರೀಕರು ಬೇಟೆಗಾರರ ಜೊತೆ ಹೋಗಿ ತಣ್ಣೀರಿಗೆ ಹಾರಿ ಬಾತುಕೋಳಿ ಕಚ್ಚಿ ತರುತ್ತಿದ್ದವು. ನನ್ನವು ಚಿಕ್ಕ ಜಾತಿ, ಬೆಳೆದರೂ ಹೆಗಲಿಗೆ ಹದಿನೈದು ಅಂಗುಲ ಮೀರುವುದಿಲ್ಲ. ಬುದ್ಧಿ ಮಾತ್ರ ಚಿಕ್ಕದಾಗಿಲ್ಲ. ಮನೆಯಲ್ಲಿ ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆಂದು ಎಂಟು ದಿನದಲ್ಲಿ ಅದಕ್ಕೆ ತಿಳಿಯುತ್ತದೆ.

ಕೂದಲು ಉದುರುವುದಿಲ್ಲ, ನಿಜ. ಉದುರದೆ ಬೆಳೆಯುತ್ತಲೇ ಇರುತ್ತದೆ. ಆರು ವಾರಕ್ಕೊಮ್ಮೆ ಕತ್ತರಿಸಬೇಕು, ದಿನಾ ಬಾಚಬೇಕು. ಬಾಚದಿದ್ದರೆ ಕಂಬಳಿಯಂತೆ ಗಂಟುಕಟ್ಟುತ್ತದೆ, ಆ ಕಂಬಳಿಯ ಕೆಳಗೆ ಚರ್ಮ ಕೊಳೆಯುತ್ತದೆ. ಮರಿ ಕೇಳಿದವರಿಗೆಲ್ಲ ನಾನು ಒಂದು ಕುರಿಚರ್ಮದ ತುಂಡು ಕಳಿಸುತ್ತೇನೆ, ಉಣ್ಣೆ ಸಮೇತ. ನಿಮಗೂ ಪಾರ್ಸೆಲ್ ಮಾಡಿದ್ದೇನೆ. ಮೂರು ವಾರ ದಿನಾ ಬಾಚಿ ವಾಪಸ್ ಕಳಿಸಿ. ಅರ್ಧದಷ್ಟು ಜನ ಕಳಿಸುವುದೇ ಇಲ್ಲ. ನನ್ನ ಕೆಲಸ ಅಲ್ಲಿಗೇ ಹಗುರಾಗುತ್ತದೆ.

ಮನೆಯಲ್ಲಿ ಯಾರ್ಯಾರು ಒಪ್ಪಿದ್ದಾರೆ, ಹಗಲು ಮರಿಯ ಜೊತೆ ಯಾರಿರುತ್ತಾರೆ, ಬರೆಯಿರಿ. ನಾಲ್ಕು ಕಣ್ಣಿನದು ಯಾಕೆ? ಎಂಟು ವರ್ಷದ ಹುಡುಗಿ ಕೇಳುವ ಮಾತಲ್ಲ ಅದು.

ಹಿಂದೊಮ್ಮೆ ಒಂದು ಮರಿಯ ವಿಷಯದಲ್ಲಿ ನಾನು ಪಾಠ ಕಲಿತಿದ್ದೇನೆ. ಎರಡನೆಯ ಸಲ ಕಲಿಯುವ ವಯಸ್ಸಲ್ಲ.

ಗುಲ್‌ಚೆಹರ್ ದಾರುವಾಲಾ


ನವಸಾರಿ
20 ನವೆಂಬರ್ 1986

ಪ್ರಿಯ ಗುಲುಬಾಯಿ,

ಪಾರ್ಸೆಲ್ ಬಂತು. ಅಂಚೆಯವನು "ಏನು ಬರ್ಜೋರ್ ಕಾಕಾ, ದೇವಲಾಲಿಯಿಂದ ಅರ್ಧ ಕುರಿ ಬಂದಿದೆ, ಇನ್ನರ್ಧ ನಾಳೆ ಬರುತ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಂದಿನಿಂದ ಬಾಚುವುದು ನಡೆದಿದೆ.

ನೀವು ಕೇಳಿದಿರೆಂದು ಭಾನುವಾರ ಊಟಕ್ಕೆ ಕೂತಾಗ ಸಭೆ ಸೇರಿಸಿದೆ. ಮಗಳು ಹೋಮಾಯ್ ಧನ್‌ಸಾಕ್ ಮಾಡಿದ್ದಳು, ಹೊಟ್ಟೆ ತುಂಬಿದ ಮೇಲೆ ಜನ ಬೇಗ ಒಪ್ಪುತ್ತಾರೆಂಬುದು ನನ್ನ ಲೆಕ್ಕ. ಕೇಕಿ ಹೈಸ್ಕೂಲಿನ ಡ್ರಿಲ್ ಮಾಸ್ತರ, ಮನೆಯಲ್ಲೂ ಕೊರಳಿಗೆ ಸೀಟಿ ಇರುತ್ತದೆ.

"ತರೋದಾದ್ರೆ ಆಲ್ಸೇಶಿಯನ್ ತರೋಣ ಪಪ್ಪಾ," ಅಂದ. "ಪೂಡಲ್ ಯಾಕೆ? ಅದನ್ನ ಬಾಗಿಲಿಗೆ ತೋರಣದ ಜೊತೆ ನೇತುಹಾಕಬಹುದು, ಅಷ್ಟೇ. ಕಳ್ಳ ಬಂದ್ರೆ ತಾನೇ ಬಾಗಿಲು ತೆಗೆದು ಸಾಹೇಬ್‌ಜಿ ಅನ್ನತ್ತೆ."

"ನಮ್ಮನೇಲಿ ಕದಿಯೋಕೆ ಏನಿದೆ, ನಿನ್ನ ಸೀಟಿ ಬಿಟ್ರೆ?" ಎಂದಳು ಹೋಮಾಯ್. ಆಮೇಲೆ ನನ್ನ ಕಡೆ ತಿರುಗಿ, "ಬಾಚೋದ್ಯಾರು ಅದನ್ನ ಹೇಳಿ. ಮೊದಲನೇ ವಾರ ಪೆರಿನ್, ಎರಡನೇ ವಾರ ನೀವು, ಮೂರನೇ ವಾರದಿಂದ ನಾನು. ಮೀನಿನ ತೊಟ್ಟಿ ಕಥೆ ಮರೆತಿಲ್ಲ ನಾನು."

ಪೆರಿನ್ ಮಾತ್ರ ನಾಜಾ ಮಾಡುತ್ತಿದ್ದಂತೆ ತನ್ನ ತಟ್ಟೆಯ ರೊಟ್ಟಿಯಲ್ಲಿ ಒಂದು ತುಂಡು ಮುರಿದು ಬದಿಗಿಟ್ಟಳು. ಅಲ್ಲಿಗೆ ವಾದ ಮುಗಿಯಿತು. ದೇರ್‌ಫೋರ್, ಒಪ್ಪಿಗೆಯಾಯಿತು ಎಂದು ಬರೆದುಕೊಳ್ಳಿ. ಹಗಲು ಮರಿಯ ಜೊತೆ ನಾನಿರುತ್ತೇನೆ. ಬೇರೆಲ್ಲಿಗೆ ಹೋಗುತ್ತೇನೆ? ಅಗಿಯಾರಿಯ ಅಗ್ನಿಗೆ ಕೈಮುಗಿದು ಬರಲು ಮೊದಲು ಹತ್ತು ನಿಮಿಷ ಸಾಕಿತ್ತು, ಈಗ ಎರಡು ಕಡೆ ಕೂತು ಏಳಬೇಕು. ಮೊನ್ನೆ ಡಾಕ್ಟರು ಎದೆಗೆ ಕೊಳವೆಯಿಟ್ಟು ತುಂಬ ಹೊತ್ತು ಕೇಳಿದರು, ಏನೂ ಹೇಳಲಿಲ್ಲ. ಮನೆಯ ಕಾಗದಪತ್ರವನ್ನೆಲ್ಲ ಒಪ್ಪಮಾಡಿ ಹೋಮಾಯ್ ಕೈಗೆ ಕೊಟ್ಟಾಗಿದೆ, ನಾನೀಗ ಪೂರ್ತಿ ಬಿಡುವಿನ ಮನುಷ್ಯ.

ನಾಲ್ಕು ಕಣ್ಣಿನದು ಸುಮ್ಮನೆ ಕೇಳಿದೆ. ನಮ್ಮ ಅಗಿಯಾರಿಯಲ್ಲಿ ಪ್ರಾರ್ಥನೆ ನಡೆಸುವ ದಸ್ತೂರ್ ಅದು ಒಳ್ಳೆಯದು ಎಂದರು. ಫೆಬ್ರವರಿ ಮಾತ್ರ ಮರೆಯಬೇಡಿ.

ಹಿಂದಿನ ಮರಿಯ ಪಾಠ ಏನೆಂದು ನೀವು ಬರೆಯಲಿಲ್ಲ. ಯಾರೋ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಕಾಣುತ್ತದೆ. ಅಂಥ ಜನ ಇರುತ್ತಾರೆ.

ನಿಮ್ಮ
ಬರ್ಜೋರ್


ದೇವಲಾಲಿ
27 ನವೆಂಬರ್ 1986

ಶ್ರೀ ಬರ್ಜೋರ್ ಕಸಾದ್ ಅವರಿಗೆ,

ಮರಿ ಕೊಡುವುದಿಲ್ಲ.

ನಾಲ್ಕು ಕಣ್ಣಿನ ನಾಯಿ ಯಾತಕ್ಕೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ತವರನ್ನು ಎತ್ತುವ ಮೊದಲು ಅವರ ಮುಖದ ಮೇಲೆ ನಾಯಿಯ ನೋಟ ಬೀಳಬೇಕು, ಅದಕ್ಕೆ ಹಿಂದಿನವರು ಹುಡುಕುತ್ತಿದ್ದದ್ದು ಅದನ್ನು. ನಿಮಗೆ ಉಸಿರು ಹತ್ತುತ್ತಿದೆ, ಡಾಕ್ಟರು ಬಾಯಿ ಬಿಡುತ್ತಿಲ್ಲ, ಕಾಗದಪತ್ರ ಮಗಳ ಕೈಗೆ ಕೊಟ್ಟಿದ್ದೀರಿ, ಫೆಬ್ರವರಿಯೊಳಗೆ ಬೇಕೆಂದು ಎರಡೆರಡು ಸಲ ಬರೆಯುತ್ತೀರಿ. ನನಗೆ ಎಪ್ಪತ್ತೆರಡು ವರ್ಷ, ಬುದ್ಧಿ ಇನ್ನೂ ಹೋಗಿಲ್ಲ. ನಿಮ್ಮ ಕಾಹಿಲೆಗೆ ನನಗೆ ದುಃಖವಿದೆ. ಆದರೆ ನನ್ನ ಮರಿ ಹದಿನಾಲ್ಕು ವರ್ಷ ಬಾಳುವ ಜೀವ. ಒಂದು ಬೆಳಗ್ಗೆಯ ಕೆಲಸಕ್ಕೆ ಅದನ್ನು ಕಳಿಸಿ, ಆಮೇಲೆ ಯಾರಿಗೂ ಬೇಡವಾಗಿ ಅದು ಮೂಲೆಯಲ್ಲಿ ಗಂಟುಕಟ್ಟಿ ಬಿದ್ದಿರುವುದನ್ನು ನಾನು ನೆನೆಸಲಾರೆ. ಮಗುವಿನ ಹೆಸರು ಹೇಳಿ ಕೇಳಿದಿರಲ್ಲ, ಅದು ಇನ್ನೂ ತಪ್ಪು.

ಹಿಂದಿನ ಮರಿ ಯಾವುದೆಂದು ಕೇಳುತ್ತೀರಿ. ಯಾರೋ ಅಂಥ ಜನ ಎನ್ನುತ್ತೀರಿ. 1968ರಲ್ಲಿ ನಾಜಾ ಆಸೆಪಟ್ಟು ಕೇಳಿದಳೆಂದು ಬಿದಿರಿನ ಬುಟ್ಟಿಯಲ್ಲಿ ಮೆತ್ತೆ ಹಾಸಿ, ಪರಿಚಯದ ನರ್ಸಮ್ಮನ ಕೈಯಲ್ಲಿ ಮರಿ ಕಳಿಸಿದೆ. ಮೂರನೆಯ ದಿನ ಅದೇ ಬುಟ್ಟಿಯಲ್ಲಿ ವಾಪಸ್ ಕಳಿಸಿದಿರಿ. ಅದು ದಾರಿಯಲ್ಲಿ ಜ್ವರ ಹತ್ತಿಸಿಕೊಂಡು ಬಂದು ತಿಂಗಳು ಮಲಗಿತು. ಅಂದಿನಿಂದ ನಿಮ್ಮ ಮನೆಯಲ್ಲಿ ನಾನು ನೀರೂ ಮುಟ್ಟಿಲ್ಲ. ನಿಮ್ಮ ಗಮನಕ್ಕೂ ಬಂದಿರಲಿಕ್ಕಿಲ್ಲ.

ಗುಲ್‌ಚೆಹರ್


ತಂತಿ
1 ಡಿಸೆಂಬರ್ 1986

ಯಾವ ಮರಿ. ನನಗೆ ಗೊತ್ತಿಲ್ಲ. ಕಾಗದ ಬರೆಯುತ್ತೇನೆ. ಬರ್ಜೋರ್


ನವಸಾರಿ
8 ಡಿಸೆಂಬರ್ 1986

ಗುಲುಬಾಯಿ,

ಬರೆಯಲು ಒಂದು ವಾರ ಹಿಡಿಯಿತು. ನಿಮ್ಮ ಕಾಗದ ಓದಿ ಹೋಮಾಯ್ ಮುಂದಿಟ್ಟೆ. ಅವಳು ಓದಿ, ಮಡಿಸಿ, ಮತ್ತೆ ಬಿಚ್ಚಿ, "ನಿಮಗೆ ಗೊತ್ತಿರ್ಲಿಲ್ವಾ ಪಪ್ಪಾ?" ಎಂದಳು. ಆಗ ಅವಳಿಗೆ ಹದಿಮೂರು. ಮರಿ ಎರಡು ರಾತ್ರಿ ಮಹಡಿ ಮೇಲಿನ ಆಲಾಮಾಯ್ ಮನೆಯಲ್ಲಿತ್ತಂತೆ. ಇವಳೂ ಇವಳಮ್ಮನೂ ಹಾಲು ಬಚ್ಚಿಟ್ಟುಕೊಂಡು ಮಹಡಿ ಹತ್ತಿ ಇಳಿಯುತ್ತಿದ್ದರಂತೆ. ನನ್ನ ಮನಸ್ಸು ನೋಡಿ ಕೆಳಗೆ ತರುವುದೆಂದು ಉಪಾಯ.

ಮೂರನೆಯ ದಿನ ಬೆಳಗ್ಗೆ ನಾನು ಪೇಪರ್ ಓದುತ್ತಿದ್ದೆ. ನಾಜಾ ನನ್ನ ಬಟ್ಟಲಿಗೆ ಚಹಾ ಬಗ್ಗಿಸುತ್ತ, "ನಮ್ಮನೆಗೂ ಒಂದು ನಾಯಿ ಬಂದ್ರೆ?" ಎಂದಳಂತೆ. ನಾನು ಪೇಪರಿನಿಂದ ಕಣ್ಣೆತ್ತದೆ, "ನಾಯಿ ಈ ಬಾಗಿಲಿಂದ ಬಂದ್ರೆ ನಾನು ಆ ಬಾಗಿಲಿಂದ ಹೋಗ್ತೀನಿ" ಎಂದೆನಂತೆ. ನಾಜಾ ನಕ್ಕಳಂತೆ. ಸಂಜೆಯ ಹೊತ್ತಿಗೆ ಬುಟ್ಟಿ ಇರಲಿಲ್ಲವಂತೆ.

ಗುಲುಬಾಯಿ, ನನಗೆ ಆ ಮಾತು ನೆನಪಿಲ್ಲ. ಆಡಿಲ್ಲ ಎನ್ನಲಾರೆ, ಅದು ನನ್ನದೇ ಮಾತು, ಕೇಳಿದರೆ ಗುರುತು ಸಿಗುತ್ತದೆ. ಅಂಥ ಮಾತು ನಾನು ದಿನಕ್ಕೆ ಹತ್ತು ಆಡುತ್ತಿದ್ದೆ. ಬೆಂಡೆಕಾಯಿ ಮಾಡಿದರೆ ಸನ್ಯಾಸಿಯಾಗುತ್ತೇನೆ ಎನ್ನುತ್ತಿದ್ದೆ. ಮಾಡಿದರೆ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಮರಿ ಕೆಳಗೆ ಬಂದಿದ್ದರೆ ಎರಡು ದಿನ ಗೊಣಗುತ್ತಿದ್ದೆ, ಮೂರನೆಯ ದಿನ ಪೇಪರಿನ ಜೊತೆ ಅದನ್ನೂ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಬೆಂಡೆಕಾಯಿಯ ವಿಷಯದಲ್ಲಿ ನಂಬದವಳು ಇದೊಂದನ್ನು ಯಾಕೆ ನಂಬಿದಳು? ಕೇಳೋಣವೆಂದರೆ ಈಗ ಅವಳಿಲ್ಲ. ಆ ಮಾತಿನಿಂದ ಹದಿನೆಂಟು ವರ್ಷ ನೀವು ನಮ್ಮ ಮನೆಯ ನೀರು ಮುಟ್ಟಲಿಲ್ಲ. ನಾನು ಪುದೀನಾ ಎಂದುಕೊಂಡೆ.

ಇನ್ನು ನಿಜ ಹೇಳುತ್ತೇನೆ. ಮರಿ ಕೊಡಿ ಎಂದು ಕೇಳಲು ಅಲ್ಲ, ಸುಳ್ಳು ಹೇಳಿ ಕೇಳಿದ್ದಕ್ಕೆ. ಪೆರಿನ್‌ಗೂ ಆಸೆಯಿದೆ, ಅದು ಸುಳ್ಳಲ್ಲ. ಆದರೆ ಕೇಳಿದವನು ನಾನು.

ನಾಜಾಳ ನಾಯಿತುತ್ತು ತಿನ್ನುತ್ತಿದ್ದದ್ದು ಎದುರಿನ ಸೋಡಾ ಅಂಗಡಿಯ ಕಟ್ಟೆಯ ಕೆಳಗೆ ಮಲಗುವ ಒಂದು ಮುದಿ ಬೀದಿನಾಯಿ. ಎಲ್ಲರನ್ನೂ ತಲೆ ವಾರೆಮಾಡಿ ತಪಾಸಣೆ ಮಾಡುತ್ತದೆಂದು ನಾಜಾ ಅದಕ್ಕೆ ಕಮಿಷನರ್ ಎಂದು ಹೆಸರಿಟ್ಟಿದ್ದಳು. ಹತ್ತು ವರ್ಷ ದಿನವೂ ಹನ್ನೆರಡೂವರೆಗೆ ಜಗಲಿಗೆ ಬಂದು ಅವಳ ಕೈಯಿಂದ ತಿಂದು ಹೋಗುತ್ತಿತ್ತು. ಅವಳು ಹೋದಮೇಲೆ ಅವಳ ಹೆಸರಿನ ತುತ್ತನ್ನು ನಾನು ಹಿಡಿದು ನಿಲ್ಲುತ್ತೇನೆ. ಕಮಿಷನರ್ ಬರುವುದಿಲ್ಲ. ನನ್ನನ್ನು ದಾಟಿ ಬಾಗಿಲು ನೋಡುತ್ತದೆ. ಮೊದಲ ದಿನಗಳಲ್ಲೂ ಬರಲಿಲ್ಲ. ಹೋದ ಜೀವಕ್ಕೆ ನಾಯಿಯ ಬಾಯಿಂದಲೇ ಮುಟ್ಟಬೇಕಾದದ್ದು ಅದು. ನೆಲಕ್ಕಿಟ್ಟರೆ ಕಾಗೆ ಒಯ್ಯುತ್ತದೆ. ಹತ್ತು ತಿಂಗಳಿಂದ ಅವಳಿಗೆ ಒಂದು ತುತ್ತೂ ಮುಟ್ಟಿಲ್ಲ ಎಂದು ನನಗೆ ಅನಿಸುತ್ತದೆ. ನನ್ನ ಕೈಯಲ್ಲೇ ಏನೋ ದೋಷ ಎಂದುಕೊಂಡು ದಸ್ತೂರರನ್ನು ಕೇಳಿದೆ. ಹಿಂದಿನವರು ನಾಲ್ಕು ಕಣ್ಣಿನ ನಾಯಿಯನ್ನೇ ಆರಿಸುತ್ತಿದ್ದರು ಎಂದರು. ಅವರು ಯಾವುದಕ್ಕೆ ಹೇಳಿದರೋ, ನಾನು ತುತ್ತಿಗೆ ಎಂದು ಹಿಡಿದುಕೊಂಡು ಬಂದೆ. ವರ್ಷದ ದಿನವಾದರೂ ಅವಳ ತುತ್ತು ಮನೆಯೊಳಗೆ ಒಂದು ನಾಯಿ ತಿನ್ನಲಿ ಎಂದು ಫೆಬ್ರವರಿ ಎಂದೆ.

ನಾನು ಸಾಯುತ್ತಿಲ್ಲ. ಎದೆ ಹಳೆಯ ತಿದಿಯಂತಾಗಿದೆ, ಸದ್ದು ಜಾಸ್ತಿ, ಕೆಲಸ ನಡೆಯುತ್ತದೆ ಎಂದು ಡಾಕ್ಟರು ಈಗ ಬಾಯಿಬಿಟ್ಟಿದ್ದಾರೆ.

ಕುರಿಚರ್ಮ ನಿಮ್ಮ ವಸ್ತು. ಬೇರೆ ಪಾರ್ಸೆಲ್ಲಿನಲ್ಲಿ ವಾಪಸ್ ಕಳಿಸಿದ್ದೇನೆ. ಕೊಡುವುದಿಲ್ಲ ಎಂದು ನೀವು ಬರೆದ ಮೇಲೂ ಬಾಚಿದ್ದೇನೆ, ಅಭ್ಯಾಸವಾಗಿಬಿಟ್ಟಿತ್ತು.

ಬರ್ಜೋರ್


ದೇವಲಾಲಿ
18 ಡಿಸೆಂಬರ್ 1986

ಬರ್ಜೋರ್‌ಜಿ,

ನಾಜಾಳ ಹಳೆಯ ಕಾಗದಗಳ ಪೆಟ್ಟಿಗೆ ತೆಗೆದೆ. ಆ ಬುಟ್ಟಿಯ ಜೊತೆ ಬಂದ ಚೀಟಿ ಸಿಕ್ಕಿತು. "ಮರಿಯನ್ನು ವಾಪಸ್ ಕಳಿಸುತ್ತಿದ್ದೇನೆ ಗುಲು. ಏನೂ ಕೇಳಬೇಡ." ಅಷ್ಟೇ. ನಿಮ್ಮ ಹೆಸರು ಅದರಲ್ಲಿಲ್ಲ. ಹದಿನೆಂಟು ವರ್ಷ ಇದೆ ಎಂದೇ ನನ್ನ ನೆನಪು. ಕೇಳಬೇಡ ಎಂದಳು, ನಾನು ಕೇಳಲಿಲ್ಲ, ಉತ್ತರವನ್ನು ಮಾತ್ರ ನಾನೇ ಬರೆದುಕೊಂಡೆ.

ಕುರಿಚರ್ಮ ಬಂತು. ಒಂದು ವಿಷಯ ಕೇಳುತ್ತೇನೆ, ತಿರುಗಿಸದೆ ಹೇಳಿ. ಅದನ್ನು ಬಾಚಿದವರು ಯಾರು? ಇಪ್ಪತ್ತು ವರ್ಷದಲ್ಲಿ ಇಂಥ ತುಂಡು ನನ್ನ ಕೈಗೆ ಬಂದಿಲ್ಲ. ಜನ ಮೇಲೆ ಮೇಲೆ ಬಾಚಿ ಅಡಿಯಲ್ಲಿ ಗಂಟು ಬಿಡುತ್ತಾರೆ, ಇಲ್ಲವೆ ಗಂಟನ್ನು ಎಳೆದು ಬೋಳು ಮಾಡುತ್ತಾರೆ. ಇದರಲ್ಲಿ ಬುಡದವರೆಗೆ ಬೆರಳಾಡುತ್ತದೆ, ಒಂದು ಎಳೆ ಕಿತ್ತಿಲ್ಲ. ಪೆರಿನ್ ಮಾಡುವ ಕೆಲಸವಲ್ಲ. ಹೋಮಾಯ್‌ಗೆ ಇಷ್ಟು ತಾಳ್ಮೆಯಿಲ್ಲ, ಅವಳು ನನ್ನ ಹಾಗೆ. ನೀವೇ ಆದರೆ ಎಲ್ಲಿ ಕಲಿತಿರಿ?

ಮರಿಗಳ ವಿಷಯ. ಎಂಟು ವಾರವಾಯಿತು. ಇವತ್ತು ಮೂರನ್ನೂ ಒಂದೊಂದಾಗಿ ಖಾಲಿ ಕೋಣೆಗೆ ಬಿಟ್ಟು ನೋಡಿದೆ. ತೊಡೆಯ ಮೇಲೆ ಅಂಗಾತ ಮಲಗಿಸಿದೆ, ಬೆನ್ನ ಹಿಂದೆ ತಗಡಿನ ತಟ್ಟೆ ಬೀಳಿಸಿದೆ. ದೊಡ್ಡ ಗಂಡು, ಕಪ್ಪಗಿನದು, ತಟ್ಟೆಯ ಮೇಲೆ ಏರಿ ನಿಂತು ಅದಕ್ಕೇ ಬೊಗಳಿತು. ಅದಕ್ಕೆ ತೋಟವಿರುವ ಮನೆ ಬೇಕು. ಎರಡನೆಯದು ಹೆಣ್ಣು, ಕಪ್ಪು, ಕಣ್ಣುಗಳ ಮೇಲೆ ಜೇನುಬಣ್ಣದ ಎರಡು ಚುಕ್ಕೆ. ಹೌದು, ನೀವು ಕೇಳಿದ್ದೇ ಇದೆ. ಬಂಗಾರದಂಥ ಮರಿ. ಆದರೆ ತಟ್ಟೆಯ ಸದ್ದಿಗೆ ಬೀರುವಿನ ಕೆಳಗೆ ಸೇರಿದ್ದು ಅರ್ಧ ಗಂಟೆ ಹೊರಗೆ ಬರಲಿಲ್ಲ. ಅದರ ಚುಕ್ಕೆಯೂ ಎರಡು ವರ್ಷಕ್ಕೆ ಮಾಸುತ್ತದೆ, ಪೂಡಲ್‌ಗಳ ಬಣ್ಣ ನಿಲ್ಲುವುದಿಲ್ಲ. ಮೂರನೆಯದೂ ಹೆಣ್ಣು, ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಬಣ್ಣ. ತಟ್ಟೆ ಬಿದ್ದಾಗ ಬೆಚ್ಚಿತು, ಕೂತಿತು, ಯೋಚಿಸಿತು, ಆಮೇಲೆ ಎದ್ದು ಬಂದು ತಟ್ಟೆಯನ್ನಲ್ಲ, ನನ್ನ ಕೈಯನ್ನು ಮೂಸಿತು.

ಆರಿಸುವ ಕೆಲಸ ನಿಮಗೆ ಬಿಟ್ಟಿದ್ದೇನೆ. ನಿಮ್ಮ ಮನೆ ನೋಡಿ ಆರಿಸಿ.

ಗುಲು


ನವಸಾರಿ
27 ಡಿಸೆಂಬರ್ 1986

ಪ್ರಿಯ ಗುಲುಬಾಯಿ,

ಬಾಚಿದವನು ನಾನೇ. ಕಲಿಸಿದವಳು ನಾಜಾ.

ಪಾರ್ಶ್ವವಾಯು ಬಡಿದು ಅವಳ ಬಲಗೈ ಬಿದ್ದುಹೋದದ್ದು ನಿಮಗೆ ಗೊತ್ತು. ಕೂದಲು ಸೊಂಟದವರೆಗೆ ಇತ್ತು. ಕತ್ತರಿಸಿಬಿಡೋಣ ಎಂದಳು ಹೋಮಾಯ್, ಅವಳದೇನೂ ತಪ್ಪಿಲ್ಲ, ಅವಳಿಗೆ ಸಾವಿರ ಕೆಲಸ. ನಾಜಾ ಬೇಡವೆನ್ನಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಮಾರನೆಯ ಬೆಳಗ್ಗೆ ನಾನು ಬಾಚಣಿಗೆ ತೆಗೆದುಕೊಂಡೆ. ನೆತ್ತಿಯಿಂದ ಒಂದೇ ಎಳೆತ.

"ಅಯ್ಯೋ, ತಂತಿ ಎಳೀತಿದೀರೇನ್ರೀ, ತಾರು ಕಂಬಕ್ಕೆ?" ಎಂದಳು. ಕಾಹಿಲೆ ಬಿದ್ದಮೇಲೆ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ತುದಿಯಿಂದ ಶುರು ಮಾಡಿ. ಬುಡಾನ ಇನ್ನೊಂದು ಕೈಲಿ ಹಿಡ್ಕೊಳ್ಳಿ, ನೋವು ಅಲ್ಲೇ ನಿಲ್ಲತ್ತೆ. ಗಂಟು ಬಂದ್ರೆ ಅದರ ಜೊತೆ ಜಗಳ ಆಡಬೇಡಿ, ಸ್ವಲ್ಪ ಮಾತಾಡ್ಸಿ."

ಎರಡು ವರ್ಷ ದಿನಾ ಬೆಳಗ್ಗೆ ಮುಕ್ಕಾಲು ಗಂಟೆ. ಜಡೆ ಹಾಕುವುದು ಕಲಿಯಲು ತಿಂಗಳು ಹಿಡಿಯಿತು. ಮೊದಮೊದಲು ಹಗ್ಗದಂತೆ ಬರುತ್ತಿತ್ತು, "ಇದಕ್ಕೆ ಎಮ್ಮೆ ಕಟ್ಟಬಹುದು" ಎನ್ನುತ್ತಿದ್ದಳು. ನೀವು ಒಂದು ದಿನಕ್ಕೆ ಬಂದಿರಲ್ಲ, ಆಗ ಅವಳ ಜಡೆ ನೋಡಿ "ಹೋಮಾಯ್ ಚೆನ್ನಾಗಿ ನೋಡ್ಕೋತಾಳೆ" ಎಂದಿರಿ. ನಾನು ಬಾಗಿಲಲ್ಲಿದ್ದೆ. ನಾಜಾ ನನಗೆ ಕಣ್ಣಿನಲ್ಲೇ ಸುಮ್ಮನಿರಿ ಎಂದಳು. ಆಮೇಲೆ, "ಗುಲೂಗೆ ಹೇಳಬೇಡಿ, ಗಂಡನ ಕೈಲಿ ಜಡೆ ಹಾಕಿಸ್ಕೋತೀನಿ ಅಂದ್ರೆ ನಗ್ತಾಳೆ" ಎಂದಳು. ಹೇಳಲಿಲ್ಲ. ಈಗ ಹೇಳಿದ್ದೇನೆ. ನಗುವುದಿದ್ದರೆ ನಗಿ, ಅವಳ ಪಾಲಿನದು.

ನಿಮ್ಮ ಕುರಿಚರ್ಮ ಬಂದಾಗ ನಾನು ಒಂಬತ್ತು ತಿಂಗಳಿಂದ ಬಾಚಣಿಗೆ ಮುಟ್ಟಿರಲಿಲ್ಲ.

ಇನ್ನು ಮರಿ. ನಿಮ್ಮ ಕಾಗದವನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಚುಕ್ಕೆಯದೇ ಆಗಲಿ ಎಂದು ನನ್ನ ನಾಲಗೆಯ ತುದಿಯಲ್ಲಿತ್ತು. ಇದ್ದೂ ಇದ್ದು ಸಿಕ್ಕಿದೆ, ಚುಕ್ಕೆ ಮಾಸಲು ಎರಡು ವರ್ಷವಿದೆ, ವರ್ಷದ ದಿನಕ್ಕೆ ಅಷ್ಟು ಸಾಕಲ್ಲವೇ ಎಂದು ವಾದ ಹೂಡುತ್ತಿದ್ದೆ. ಅಷ್ಟರಲ್ಲಿ ಪೆರಿನ್ ನನ್ನನ್ನು ಕೇಳಿದಳು.

"ಮಮಾವಾಜೀ, ಕಮಿಷನರ್‌ಗೆ ಒಂದೇ ಕಣ್ಣಲ್ವಾ?"

"ಯಾರು ಹೇಳಿದ್ರು?"

"ಯಾರ್ಯಾಕೆ ಹೇಳಬೇಕು, ಕಾಣ್ಸಲ್ವಾ? ಎಡಗಣ್ಣು ಬಿಳೀ ಗೋಲಿ. ಅದಕ್ಕೇ ಮಮಾಯ್‌ಜೀ ಯಾವಾಗ್ಲೂ ಅದರ ಬಲಗಡೆ ಕೂತು ಕೊಡ್ತಿದ್ರು. ನೀವು ಎಡಗಡೆ ನಿಂತ್ಕೋತೀರಿ."

ಹತ್ತು ವರ್ಷ, ಗುಲುಬಾಯಿ. ಆ ನಾಯಿಯ ಮುಖವನ್ನು ನಾನು ನೋಡಿಯೇ ಇರಲಿಲ್ಲ. ತಲೆ ವಾರೆಮಾಡುವುದು ಗತ್ತಿಗೆ ಎಂದುಕೊಂಡಿದ್ದೆ. ನಾಲ್ಕು ಕಣ್ಣು ಬೇಕೆಂದು ನಿಮಗೆ ಕಾಗದ ಬರೆದವನು ನಾನು. ಒಂದೇ ಕಣ್ಣಿನದಕ್ಕೆ ಹತ್ತು ವರ್ಷ ಉಣಿಸಿದವಳು ಅವಳು. ಅವಳು ಕಣ್ಣು ಎಣಿಸಿದವಳಲ್ಲ.

ದೇರ್‌ಫೋರ್, ನಮ್ಮ ಮನೆ ನೋಡಿ ಆರಿಸಿದ್ದೇವೆ. ಕೇಕಿ ಸೀಟಿ ಊದುತ್ತಾನೆ, ಹೋಮಾಯ್ ಪಾತ್ರೆ ಎತ್ತಿ ಹಾಕುತ್ತಾಳೆ, ನನ್ನ ಎದೆ ಸದ್ದು ಮಾಡುತ್ತದೆ. ಚುಕ್ಕೆಯದಕ್ಕೆ ಇಲ್ಲಿ ಬೀರುವಿನ ಕೆಳಗೇ ಜೀವನ ಕಳೆದುಹೋಗುತ್ತದೆ. ಬಿಸ್ಕತ್ತಿನ ಬಣ್ಣದ್ದು ನಮಗೆ. ಪೆರಿನ್ ಆಗಲೇ ನಮ್ಮೂರ ಚಹಾ ಬಿಸ್ಕತ್ತಿನ ಹೆಸರನ್ನೇ ಹಿಡಿದು ಬಟಾಸಾ ಎಂದು ಹೆಸರಿಟ್ಟಿದ್ದಾಳೆ. ಕೇಕಿ ಮಗಳಿಗೆ, "ದೀಕ್ರಿ, ಆ ಹೆಸರಿಗೆ ಕಳ್ಳ ಹೆದರಲ್ಲ, ಚಹಾ ಕೇಳ್ತಾನೆ" ಎಂದ.

ನಿಮ್ಮ
ಬರ್ಜೋರ್


ದೇವಲಾಲಿ
9 ಜನವರಿ 1987

ಬರ್ಜೋರ್,

ನಗಲಿಲ್ಲ. ಅವಳಿಗೆ ನಾನು ಅಷ್ಟೂ ಗೊತ್ತಿರಲಿಲ್ಲ ಎಂದುಕೊಂಡೆ. ಆಮೇಲೆ, ಎಮ್ಮೆ ಕಟ್ಟುವ ಜಡೆಯ ಹತ್ತಿರ ಬಂದಾಗ ಸ್ವಲ್ಪ ನಕ್ಕೆ. ಚಂಪಾ ಎದ್ದು ಬಂದು ನನ್ನ ಮುಖ ನೋಡಿದಳು.

ಸರಿಯಾದ ಮರಿಯನ್ನೇ ಆರಿಸಿದ್ದೀಯ. ಚುಕ್ಕೆಯದನ್ನು ಕೇಳಿದ್ದರೂ ಕೊಡುತ್ತಿದ್ದೆ, ಆದರೆ ಮನಸ್ಸಿಲ್ಲದೆ. ಅದು ನನ್ನ ಹತ್ತಿರವೇ ಇರಲಿ. ಇಲ್ಲಿ ಸದ್ದು ಮಾಡುವವರು ಯಾರೂ ಇಲ್ಲ.

ಮರಿಯನ್ನು ಯಾರ ಕೈಯಲ್ಲೂ ಬುಟ್ಟಿಯಲ್ಲಿ ಕಳಿಸುವುದಿಲ್ಲ. ನಾನೇ ತರುತ್ತೇನೆ. ಜನವರಿ ಕೊನೆಗೆ ಹೊರಟು ವರ್ಷದ ದಿನ ಕಳೆಯುವವರೆಗೆ ಇರುತ್ತೇನೆ. ಮರಿಗೆ ರೋಗ ತಗಲದಂತೆ ಸೂಜಿ ಎರಡೂ ಹಾಕಿಸಿಯೇ ತರುತ್ತೇನೆ. ಕೇಕಿಗೆ ಹೇಳು, ಮೊದಲ ವಾರ ಸೀಟಿ ಗೂಟಕ್ಕೆ ತೂಗುಹಾಕಲಿ. ಎಮ್ಮೆ ಜಡೆಯವನಿಗೆ ಬಾಚುವುದು ಹೇಳಿಕೊಡಬೇಕಾಗಿಲ್ಲ, ಕಿವಿ ಸ್ವಚ್ಛಮಾಡುವುದು ಮಾತ್ರ ತೋರಿಸುತ್ತೇನೆ.

ಚಹಾಕ್ಕೆ ಪುದೀನಾ ಹಾಕು. ಕುಡಿಯುತ್ತೇನೆ.

ಗುಲು


ನವಸಾರಿ
23 ಫೆಬ್ರವರಿ 1987

ಪ್ರಿಯ ಗುಲುಬಾಯಿ,

ಸುಖವಾಗಿ ತಲುಪಿದಿರೆಂದು ಕಾಗದ ಬಂತು. ನೀವು ಹೋದ ದಿನ ಬಟಾಸಾ ಸ್ಟೇಷನ್ ಕಡೆಯ ಕಿಟಕಿಯಲ್ಲೇ ಕೂತಿದ್ದಳು. ಮಾರನೆಯ ದಿನ ನನ್ನ ಚಪ್ಪಲಿಯ ಒಂದು ಪಟ್ಟಿ ತಿಂದಳು, ಅದರ ನಂತರ ಸಮಾಧಾನವಾದಂತೆ ಕಂಡಿತು.

ವರ್ಷದ ದಿನ ಅವಳು ನನ್ನ ಕೈಯ ತುತ್ತು ಮೂಸಿ, ನನ್ನನ್ನು ನೋಡಿ, ಹೋಗಿ ನಿಮ್ಮ ಕಾಲ ಹತ್ತಿರ ಕೂತದ್ದನ್ನು ನೀವೂ ಕಂಡಿರಿ. ನೀವು ತುತ್ತನ್ನು ನನ್ನ ಕೈಯಿಂದ ತೆಗೆದುಕೊಂಡು ತಿನ್ನಿಸಿದಿರಿ. ಮನೆಯೊಳಗೆ ಒಂದು ನಾಯಿ ತಿಂದಿತು, ಅಷ್ಟಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೈ ನನ್ನದಲ್ಲ. ನಿಮ್ಮ ಮುಂದೆ ತೋರಿಸಿಕೊಳ್ಳಲಿಲ್ಲ. ನಿಮಗೆ ಗೊತ್ತಾಗಿತ್ತೆಂದು ಈಗ ಅನಿಸುತ್ತದೆ, ಹೋಗುವಾಗ "ಅವಸರ ಮಾಡಬೇಡ" ಎಂದಿರಲ್ಲ.

ಈಗ ದಿನಚರಿ ಕೇಳಿ. ಬೆಳಗ್ಗೆ ಏಳಕ್ಕೆ ಬಾಚುವುದು. ಅವಳು ನನ್ನ ತೊಡೆಯ ಮೇಲೆ, ಪೇಪರ್ ನೆಲದ ಮೇಲೆ. ಬಾಚಣಿಗೆ ನಾಜಾಳದೇ. ನೀವು ತಂದ ಕಬ್ಬಿಣದ ಹಲ್ಲಿನದು ಕಾಲುಗಳಿಗೆ ಇಟ್ಟುಕೊಂಡಿದ್ದೇನೆ. ಗಂಟು ಬಂದರೆ ಮಾತಾಡಿಸುತ್ತೇನೆ. ಕೇಕಿ ಸೀಟಿ ತೂಗುಹಾಕಿದ್ದು ಇನ್ನೂ ಗೂಟದಲ್ಲೇ ಇದೆ. ನಿನ್ನೆ ಅವನು ಶಾಲೆಯಿಂದ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಆಲ್ಸೇಶಿಯನ್ನಿಗೆ ಹೇಳುವ ಗತ್ತಿನಲ್ಲಿ "ಸಾವಧಾನ್" ಎಂದು ನೆಟ್ಟಗೆ ನಿಲ್ಲುವ ಆಜ್ಞೆ ಕೊಟ್ಟ. ಬಟಾಸಾ ಅಂಗಾತ ಮಲಗಿದಳು. ಅವನೂ ಪಕ್ಕದಲ್ಲಿ ಮಲಗಿದ. ಮೂರನೆಯ ವಾರ ಕಳೆಯಿತು, ಬಾಚುವ ಕೆಲಸ ಇನ್ನೂ ತನ್ನ ಪಾಲಿಗೆ ಬಂದಿಲ್ಲವೆಂದು ಹೋಮಾಯ್ ಆಶ್ಚರ್ಯಪಡುತ್ತಿದ್ದಾಳೆ. ದಿನಕ್ಕೆರಡು ಸಲ ಬಟಾಸಾ ಆ ಬಾಗಿಲಿಂದ ಹೊರಗೆ ಎಳೆಯುತ್ತಾಳೆ, ಹಿಂದೆಯೇ ನಾನು. ಆಡಿದ ಮಾತನ್ನು ಹದಿನೆಂಟು ವರ್ಷ ತಡವಾಗಿ ನಡೆಸುತ್ತಿದ್ದೇನೆ.

ಬರೆಯಬೇಕಾದದ್ದು ಇವತ್ತಿನದು.

ಪೆರಿನ್ ಹೇಳಿದಂದಿನಿಂದ ನಾನು ಕಮಿಷನರ್‌ನ ಬಲಗಡೆಗೇ ಕೂರುತ್ತಿದ್ದೇನೆ, ನಿಮಗೆ ಗೊತ್ತು. ಅದು ಬಾಗಿಲನ್ನು ಬಿಟ್ಟು ನನ್ನ ಮುಖ ನೋಡುವಷ್ಟಕ್ಕೆ ಬಂದಿತ್ತು. ಚರಂಡಿ ದಾಟಿ ಬರುತ್ತಿರಲಿಲ್ಲ. ಇವತ್ತು ಹನ್ನೆರಡೂವರೆಗೆ ತುತ್ತು ಹಿಡಿದು ಜಗಲಿಯ ಮೆಟ್ಟಿಲ ಮೇಲೆ ಕೂತೆ, ಬಟಾಸಾ ಹಗ್ಗದಲ್ಲಿ ಪಕ್ಕದಲ್ಲಿದ್ದಳು. ಕಮಿಷನರ್ ಎದ್ದು ನಿಂತಿತು. ಇವಳು ಕೂತಳು, ನಿಮ್ಮ ತಟ್ಟೆಯ ದಿನ ಕೂತಂತೆ. ಯೋಚಿಸಿದಳು. ಆಮೇಲೆ ಹಗ್ಗ ಇದ್ದಷ್ಟು ದೂರ ಮುಂದೆ ಹೋಗಿ ಬಾಲ ಆಡಿಸಿದಳು. ಮುದುಕ ಚರಂಡಿ ದಾಟಿದ. ಸೂಜಿ ಎರಡೂ ಆಗಿದೆ, ಬೈಯಬೇಡಿ. ಇಬ್ಬರೂ ಮೂಸಿಕೊಂಡರು. ಮುದುಕನಿಗೆ ಅವಳ ಮೈಯಲ್ಲಿ ಏನು ಸಿಕ್ಕಿತೋ. ನಾಜಾಳ ಬಾಚಣಿಗೆಯ ವಾಸನೆ ಎಂದು ನಾನು ಬರೆದರೆ, ಅದು ನನ್ನ ಹುಚ್ಚು ಎನ್ನುತ್ತೀರಿ. ಕಮಿಷನರ್ ಅವಳ ತಲೆಯನ್ನು, ಕಿವಿಯ ಹಿಂದೆ, ಬಹಳ ಹೊತ್ತು ಮೂಸಿತು. ಆಮೇಲೆ ತಲೆ ವಾರೆಮಾಡಿ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿತು.

ತುತ್ತು ಕೈಯಲ್ಲಿತ್ತು. ಕೈ ಮುಂದೆ ಚಾಚಿದೆ. ಮುದುಕ ಬಂದು ತಿಂದ. ಹಲ್ಲಿಲ್ಲ ಪಾಪ, ಅಂಗೈ ಎಲ್ಲ ಒದ್ದೆಯಾಯಿತು. ತಿಂದು ಮುಗಿದ ಮೇಲೂ ನೆಕ್ಕುತ್ತಿತ್ತು. ಬಟಾಸಾ ನನ್ನ ಇನ್ನೊಂದು ಕೈಯನ್ನು ಮೂಗಿನಿಂದ ಎತ್ತಿ, ಅದು ಖಾಲಿಯೆಂದು ನೋಡಿ, ನನ್ನ ಮುಖ ನೋಡಿದಳು.

ಒಳಗೆ ಹೋಗಿ ಹೋಮಾಯ್‌ಗೆ, ನಾಳೆಯಿಂದ ಎರಡು ತುತ್ತು ಎತ್ತಿಡಬೇಕು ಎಂದೆ. "ಅಳ್ತಿದೀರಾ ಪಪ್ಪಾ?" ಎಂದಳು. ಈರುಳ್ಳಿ ಹೆಚ್ಚುತ್ತಿದ್ದವಳು ಅವಳು. ಈರುಳ್ಳಿ ಎಂದೆ.

ನಿಮ್ಮ
ಬರ್ಜೋರ್

ಕೈ ತೊಳೆಯದೆ ಬರೆಯುತ್ತಿದ್ದೇನೆ. ಕಾಗದದ ಮೂಲೆಯಲ್ಲಿರುವ ಕಲೆ ಚಹಾದ್ದಲ್ಲ.